ಕ್ಯೂ ಇದೆ, ಯು ಇಲ್ಲ: ಇಂಗ್ಲಿಷಿನ ಪುಟ್ಟ ಪದಗಳೊಳಗೆ ತಾಲ್ಲೂಕು ಕಚೇರಿಯ ಸದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಇಯರ್‌ಫೋನ್ ಸಿಕ್ಕಿಸ್ಕೊಂಡು ಬಸ್ಸಲ್ಲಿ ನಿಂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ, ನಿದ್ದೆ ಬರಲಿ ಅಂತ ಹಾಕ್ಕೊಂಡಿರೋರಿಗೂ ಸ್ವಾಗತ. ಇವತ್ತಿನ ವಿಷಯ ಒಂದೇ ಒಂದು ಅಕ್ಷರ. ನಿಮ್ಮ ಫೋನಿನ ಇಂಗ್ಲಿಷ್ ಕೀಬೋರ್ಡ್ ತೆಗೀರಿ. ಮೇಲಿನ ಸಾಲಿನ ಎಡತುದಿಯಲ್ಲಿ ಒಂಟಿಯಾಗಿ ಕೂತಿದೆಯಲ್ಲ, ಅದೇ. ಕ್ಯೂ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ನಿಯಮ ನೆನಪಿದೆಯಾ? ಕ್ಯೂ ಬಂದರೆ ಅದರ ಹಿಂದೆಯೇ ಯು ಬರಬೇಕು. ಕ್ವೀನ್, ಕ್ವಿಕ್, ಕ್ವೈಟ್, ಕ್ವೆಶ್ಚನ್. ಕ್ಯೂ ಮದುವೆ ಗಂಡು, ಯು ಮದುವೆ ಹೆಣ್ಣು, ಇಬ್ಬರೂ ಬೇರೆ ಆಗೋದೇ ಇಲ್ಲ ಅಂತ ಕೆಲವು ಮೇಷ್ಟ್ರು ಕತೆಯನ್ನೇ ಹೇಳ್ತಾರೆ. ಆದರೆ ಇಂಗ್ಲಿಷ್ ನಿಘಂಟಿನಲ್ಲಿ ಯು ಇಲ್ಲದೆ ಕ್ಯೂ ಒಂದೇ ಓಡಾಡುವ ಪದಗಳೂ ಇವೆ. ಹೆಚ್ಚಿನವು ಪುಟ್ಟ ಪದಗಳು. ಎರಡಕ್ಷರ, ಮೂರಕ್ಷರ, ನಾಲ್ಕು, ಐದು, ಅಷ್ಟೆ.

ಇವತ್ತು ನಾನು ಹೇಳಬೇಕು ಅಂತಿರೋದು ಆ ಪದಗಳ ಬಗ್ಗೆ. ಅದರಲ್ಲಿ ಅರ್ಧದಷ್ಟನ್ನ ನೀವು ಈಗಾಗಲೇ ಕನ್ನಡದಲ್ಲಿ ಕೇಳಿದ್ದೀರಿ, ಹೇಳಿದ್ದೀರಿ. ಇಂಗ್ಲಿಷ್ ಸ್ಪೆಲಿಂಗ್ ನೋಡಿದಾಗ ಗುರುತು ಸಿಗಲ್ಲ, ಅಷ್ಟೆ.

ಆಟದಲ್ಲಿ ಕ್ಯೂ ಕೈಗೆ ಬಂದರೆ

ಈ ಪದಗಳನ್ನ ತುಂಬಾ ಜನ ಮೊದಲು ನೋಡೋದು ಸ್ಕ್ರ್ಯಾಬಲ್ ಥರದ ಪದದಾಟದಲ್ಲಿ. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಕೈಯಲ್ಲಿ ಏಳು ಅಕ್ಷರದ ಬಿಲ್ಲೆ ಇರುತ್ತೆ. ಅವನ್ನ ಬೋರ್ಡಿನ ಮೇಲೆ ಜೋಡಿಸಿ ಪದ ಮಾಡಬೇಕು. ಸುಲಭದ ಅಕ್ಷರಕ್ಕೆ ಕಡಿಮೆ ಅಂಕ, ಕಷ್ಟದ್ದಕ್ಕೆ ಜಾಸ್ತಿ. ಇದನ್ನ ರೂಪಿಸಿದ್ದು ಅಮೆರಿಕದ ಆಲ್ಫ್ರೆಡ್ ಬಟ್ಸ್, 1930ರ ದಶಕದಲ್ಲಿ. ಆತ ಆರ್ಕಿಟೆಕ್ಟ್. ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿತ್ತು. ಪತ್ರಿಕೆಗಳ ಪುಟ ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ, ಅದರ ಮೇಲೆ ಬಿಲ್ಲೆಗಳ ಸಂಖ್ಯೆ, ಅಂಕ ಎಲ್ಲ ನಿರ್ಧಾರ ಮಾಡಿದ. ಸ್ಕ್ರ್ಯಾಬಲ್ ಅನ್ನೋ ಹೆಸರು ಬಂದದ್ದು 1948ರಲ್ಲಿ.

ಆ ಲೆಕ್ಕದಲ್ಲಿ ಕ್ಯೂ ಅಪರೂಪದ ಅಕ್ಷರ. ಇಂಗ್ಲಿಷ್ ಸೆಟ್ಟಿನ 100 ಬಿಲ್ಲೆಯಲ್ಲಿ ಕ್ಯೂ ಇರೋದು ಒಂದೇ. ಅಂಕ 10. ಯು ಇರೋದು ನಾಲ್ಕು. ಆ ನಾಲ್ಕೂ ಬೇರೆಯವರ ಕೈಗೆ ಹೋಗಿಬಿಟ್ಟರೆ? ಕ್ಯೂ ನಿಮ್ಮ ಕೈಯಲ್ಲೇ ಉಳಿಯುತ್ತೆ. ಆಟ ಮುಗಿದಾಗ ಅದರ 10 ಅಂಕ ನಿಮ್ಮ ಲೆಕ್ಕದಿಂದ ಕಳೀತಾರೆ, ಮೊದಲು ಬಿಲ್ಲೆ ಖಾಲಿ ಮಾಡಿದವರಿಗೆ ಅದೇ 10 ಸೇರಿಸ್ತಾರೆ. ಅಂದ್ರೆ ಒಂದೇ ಬಿಲ್ಲೆಯಿಂದ 20 ಅಂಕದ ಹೊಡೆತ.

ಆಗ ಎಲ್ಲರ ತಲೆಗೂ ಬರೋದು ಇರಾಕ್, ಕತಾರ್. ಎರಡರಲ್ಲೂ ಕ್ಯೂ ಇದೆ, ಯು ಇಲ್ಲ. ಆದರೆ ಅವು ದೇಶದ ಹೆಸರು, ಅಂಕಿತನಾಮ. ಆಟದಲ್ಲಿ ನಡೆಯಲ್ಲ. ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ ಹೆಸರಲ್ಲೂ ಯು ಇಲ್ಲ, ಅದು ಕೆಲವು ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು. ಅದೂ ನಡೆಯಲ್ಲ. ಹಾಗಾದರೆ ನಡೆಯೋದು ಯಾವುದು?

ಎರಡಕ್ಷರದ್ದು ಒಂದೇ ಇದೆ. ಸ್ಪೆಲಿಂಗ್ ಹೇಳ್ತೀನಿ: ಕ್ಯೂ-ಐ. ಹೇಳೋದು ‘ಚೀ’ ಅಂತ. ಉತ್ತರ ಅಮೆರಿಕದ ಸ್ಪರ್ಧೆಗಳ ಪದಪಟ್ಟಿಗೆ ಇದು ಬಂದದ್ದು 2006ರಲ್ಲಿ. ಅಂಕದ ಚೌಕಕ್ಕೆ ಹೊಂದಿಸಿ ಅಡ್ಡಕ್ಕೂ ಉದ್ದಕ್ಕೂ ಒಟ್ಟಿಗೆ ಇದೇ ಪದ ಆಗೋ ಹಾಗೆ ಇಟ್ಟರೆ, ಮೂರು ಪಟ್ಟಿನ ಚೌಕದಲ್ಲಿ ಕ್ಯೂ ಬಿದ್ದಾಗ ಒಂದೇ ಏಟಿಗೆ 62 ಅಂಕ ಬರುತ್ತೆ. ಎರಡಕ್ಷರಕ್ಕೆ!

ಇಷ್ಟು ಆಟದ ಲೆಕ್ಕ. ಸ್ಪರ್ಧೆಗೆ ಹೋಗೋರು ಇಂಥ ಪದಗಳ ಪಟ್ಟಿಯನ್ನ ಮಗ್ಗಿ ಥರ ಬಾಯಿಪಾಠ ಮಾಡ್ತಾರೆ. ಅರ್ಥ ಬೇಕಾಗಿಲ್ಲ. ಇದಕ್ಕೆ ದೊಡ್ಡ ಉದಾಹರಣೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. 2015ರಲ್ಲಿ ಆತ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದ. ಫ್ರೆಂಚ್ ಮಾತಾಡೋಕೆ ಬರಲ್ಲ! ಪದಪಟ್ಟಿ ನೆನಪಿಟ್ಟುಕೊಂಡೇ ಗೆದ್ದ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಅದೇ ಕೆಲಸ ಮಾಡಿದ.

ಅಂಥ ನೆನಪಿನ ಶಕ್ತಿ ನನಗಿಲ್ಲ, ನಿಮ್ಮಲ್ಲಿ ಬಹುಪಾಲು ಜನಕ್ಕೂ ಇರಲಿಕ್ಕಿಲ್ಲ. ನಮ್ಮಂಥವರಿಗೆ ಪದ ನೆನಪಲ್ಲಿ ಉಳಿಯೋದು ಅರ್ಥ ಗೊತ್ತಿದ್ದರೆ, ಎಲ್ಲಿಂದ ಬಂತು ಅಂತ ಗೊತ್ತಿದ್ದರೆ. ಹಾಗಾಗಿ ಅದನ್ನೇ ನೋಡೋಣ.

ಯು ಯಾಕೆ ಅಂಟಿಕೊಂಡಿತು?

ಮೊದಲು ಒಂದು ಪ್ರಶ್ನೆ. ಕ್ಯೂ ಹಿಂದೆ ಯು ಬರಲೇಬೇಕು ಅಂತ ಯಾರು ಹೇಳಿದ್ದು?

ಈ ಅಕ್ಷರದ ಅಜ್ಜ ಇರೋದು ಇವತ್ತಿನ ಲೆಬನಾನ್ ಕಡೆ, ಪ್ರಾಚೀನ ಫಿನೀಷಿಯನ್ ಲಿಪಿಯಲ್ಲಿ. ಅಲ್ಲಿ ಅದರ ಹೆಸರು ಕೋಫ್. ಅದರ ಸದ್ದು ನಮ್ಮ ‘ಕ’ ಅಲ್ಲ. ಇನ್ನೂ ಒಳಗಿನಿಂದ, ಕಿರುನಾಲಿಗೆಯ ಹತ್ತಿರದಿಂದ ಬರೋ ‘ಕ’. ಗ್ರೀಕರು ಲಿಪಿಯನ್ನ ಎರವಲು ತಗೊಂಡರು, ಆದರೆ ಅವರ ಭಾಷೆಯಲ್ಲಿ ಆ ಸದ್ದು ಇರಲಿಲ್ಲ. ಸ್ವಲ್ಪ ಕಾಲ ಇಟ್ಟುಕೊಂಡು ಆಮೇಲೆ ಬಿಟ್ಟರು. 90 ಅನ್ನೋ ಸಂಖ್ಯೆ ಬರೆಯೋಕೆ ಮಾತ್ರ ಉಳಿಸಿಕೊಂಡರು. ರೋಮನ್ನರು ಮಾತ್ರ ‘ಕ್ವ’ ಅನ್ನೋ ಸದ್ದಿಗೆ ಕ್ಯೂ ಜೊತೆ ಯು ಸೇರಿಸಿ ಬರೆಯೋ ಪದ್ಧತಿ ಬೆಳೆಸಿದರು. ಲ್ಯಾಟಿನ್‌ನಿಂದ ಅದು ಫ್ರೆಂಚಿಗೆ ಹೋಯಿತು.

ಇಂಗ್ಲಿಷಿನವರು ಆಗ ಏನು ಮಾಡ್ತಿದ್ದರು? ಹಳೆಯ ಇಂಗ್ಲಿಷಿನಲ್ಲಿ ರಾಣಿಗೆ ಬರೆಯುತ್ತಿದ್ದದ್ದು ಸಿ-ಡಬ್ಲ್ಯೂ-ಇ-ಎನ್ ಅಂತ. ಕ್ವಿಕ್ ಅನ್ನೋದಕ್ಕೆ ಸಿ-ಡಬ್ಲ್ಯೂ-ಐ-ಸಿ. ಕ್ಯೂ ಅವರಿಗೆ ಬೇಕೇ ಆಗಿರಲಿಲ್ಲ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನ ಗೆದ್ದರು. ಅವರ ಹಿಂದೆ ಫ್ರೆಂಚ್ ರೂಢಿಯ ಲಿಪಿಕಾರರು ಬಂದರು. ನಿಧಾನವಾಗಿ ಸಿ-ಡಬ್ಲ್ಯೂ ಹೋಗಿ ಕ್ಯೂ-ಯು ಬಂತು. ಅಂದ್ರೆ ನಮ್ಮ ಮೇಷ್ಟ್ರು ಹೇಳಿಕೊಟ್ಟ ನಿಯಮ ಇಂಗ್ಲಿಷಿನ ಹುಟ್ಟುಗುಣ ಅಲ್ಲ. ಗೆದ್ದವರ ಕಚೇರಿಯ ಬರವಣಿಗೆ ಪದ್ಧತಿ.

ಇದನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ. ಯು ಇರೋ ಕ್ಯೂ ಹೆಚ್ಚಾಗಿ ಲ್ಯಾಟಿನ್-ಫ್ರೆಂಚ್ ದಾರಿಯಿಂದ ಬಂದದ್ದು. ಯು ಇಲ್ಲದ ಕ್ಯೂ ಬೇರೆ ಯಾವುದೋ ಬಾಗಿಲಿನಿಂದ ಬಂದದ್ದು. ಆ ಬಾಗಿಲುಗಳು ಮುಖ್ಯವಾಗಿ ಮೂರು.

ಮೊದಲ ಬಾಗಿಲು: ಚೀನಾ

ಕ್ಯೂ-ಐ, ‘ಚೀ’. ಚೀನೀ ಭಾಷೆಯಲ್ಲಿ ಗಾಳಿ, ಉಸಿರು, ಆವಿ, ಮೈಯೊಳಗಿನ ಜೀವಶಕ್ತಿ. ನಮ್ಮಲ್ಲಿ ‘ಪ್ರಾಣ’ ಅಂತೀವಲ್ಲ, ಅದರ ಹತ್ತಿರದ ಮಾತು. ಹಳೆಯ ಶೈಲಿಯಲ್ಲಿ ಈ ಪದದ ಚೀನೀ ಅಕ್ಷರ ನೋಡಿದರೆ ಒಳಗೆ ಅಕ್ಕಿಯ ಚಿಹ್ನೆ ಕಾಣುತ್ತೆ, ಮೇಲೆ ಆವಿಯ ಚಿಹ್ನೆ. ಅನ್ನ ಬೇಯುವಾಗ ಏಳೋ ಹಬೆ ಅಂತ ನೆನಪಿಟ್ಟುಕೊಂಡರೆ ಮರೆಯೋ ಮಾತೇ ಇಲ್ಲ.

ಆದರೆ ‘ಚ’ ಸದ್ದಿಗೆ ಕ್ಯೂ ಯಾಕೆ? 1958ರಲ್ಲಿ ಚೀನಾ ಸರ್ಕಾರ ತನ್ನ ಭಾಷೆಯನ್ನ ರೋಮನ್ ಅಕ್ಷರದಲ್ಲಿ ಬರೆಯೋಕೆ ಪಿನ್‌ಯಿನ್ ಅನ್ನೋ ಪದ್ಧತಿ ಒಪ್ಪಿಕೊಂಡಿತು. ಚೀನೀ ಭಾಷೆಯಲ್ಲಿ ನಮ್ಮ ಕಿವಿಗೆ ‘ಚ’ ಅಂತ ಕೇಳಿಸೋ ಸದ್ದು ಒಂದಕ್ಕಿಂತ ಹೆಚ್ಚಿದೆ. ಅದರಲ್ಲಿ ಒಂದಕ್ಕೆ, ಬೇರೆ ಕೆಲಸವಿಲ್ಲದೆ ಖಾಲಿ ಕೂತಿದ್ದ ಕ್ಯೂ ಅಕ್ಷರವನ್ನ ಕೊಟ್ಟರು. ಪಿನ್‌ಯಿನ್‌ಗೆ ಮುಂಚೆ ಇಂಗ್ಲಿಷಿನವರು ಇದನ್ನ ಸಿ-ಎಚ್-ಐ ಅಂತ ಬರೀತಿದ್ದರು. ಜಪಾನಿನಲ್ಲಿ ಇದೇ ಪದ ‘ಕಿ’ ಆಯಿತು. ಐಕಿಡೊ ಅನ್ನೋ ಸಮರಕಲೆಯಲ್ಲಿರೋ ‘ಕಿ’, ಬೆಂಗಳೂರಿನ ಬೋರ್ಡುಗಳಲ್ಲಿ ಕಾಣೋ ರೇಕಿಯ ‘ಕಿ’, ಎರಡೂ ಇದೇ. ಒಂದೇ ಪದ, ಮೂರು ವೇಷ. ಮೂರೂ ಇಂಗ್ಲಿಷ್ ಪದಪಟ್ಟಿಯಲ್ಲಿವೆ.

ಒಂದು ಎಚ್ಚರಿಕೆ. ತಾಯ್‌ಚೀ ಅನ್ನೋ ವ್ಯಾಯಾಮದಲ್ಲಿರೋ ‘ಚೀ’ ಇದಲ್ಲ. ಅದು ಬೇರೆ ಪದ, ಅದರರ್ಥ ತುದಿ, ಪರಮ ಅನ್ನೋ ಥರ. ಇಂಗ್ಲಿಷಿನ ಹಳೆ ಸ್ಪೆಲಿಂಗಿನಲ್ಲಿ ಎರಡೂ ಒಂದೇ ಥರ ಕಂಡು ಜನ ಗೊಂದಲ ಮಾಡ್ಕೋತಾರೆ.

ಎರಡನೇ ಬಾಗಿಲು: ಹಿಮದ ನಾಡು

ಇದನ್ನ ಬೇಗ ಮುಗಿಸ್ತೀನಿ. ಉತ್ತರ ಧ್ರುವದ ಹತ್ತಿರದ ಇನ್ಯುಯಿಟ್ ಜನರ ಭಾಷೆಗಳಲ್ಲೂ ಆ ಒಳಗಂಟಲಿನ ‘ಕ’ ಇದೆ, ಅದನ್ನ ಕ್ಯೂ ಅಂತ ಬರೀತಾರೆ. ಚರ್ಮದ ಹೊದಿಕೆಯ ದೋಣಿಗೆ ಉಮಿಯಕ್ ಅನ್ನೋ ಪದ ಅಲ್ಲಿಂದ ಬಂತು.

ಕೆನಡಾದ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್. ಸ್ಪೆಲಿಂಗಿನಲ್ಲಿ ಕ್ಯೂ ಆದ ಮೇಲೆ ಸೀದಾ ಎ ಬರುತ್ತೆ. ಅರ್ಥ, ಮೀನು ಜಾಸ್ತಿ ಸಿಗೋ ಜಾಗ. 2009ರಲ್ಲಿ ಕೆನಡಾ ಪ್ರಧಾನಿಯ ಕಚೇರಿ ಒಂದು ಪ್ರಕಟಣೆಯಲ್ಲಿ ಅಭ್ಯಾಸಬಲದಿಂದ ಕ್ಯೂ ಹಿಂದೆ ಒಂದು ಯು ಸೇರಿಸಿಬಿಟ್ಟಿತು. ಅಲ್ಲಿನ ಭಾಷೆಯಲ್ಲಿ ಆಗ ಅದರರ್ಥ, ಹಿಂಭಾಗ ಒರೆಸಿಕೊಳ್ಳದ ಜನ! ಒಂದು ಯು ಎಷ್ಟು ಮರ್ಯಾದೆ ಕಳೀಬಹುದು ನೋಡಿ.

ಮೂರನೇ ಬಾಗಿಲು: ಅರಬ್ಬಿ

ಈಗ ಬಂದ್ವಿ ನೋಡಿ ನಮ್ಮ ಮನೆ ಹತ್ತಿರಕ್ಕೆ. ಯು ಇಲ್ಲದ ಕ್ಯೂ ಪದಗಳಲ್ಲಿ ದೊಡ್ಡ ಪಾಲು ಅರಬ್ಬಿ ಮೂಲದ್ದು. ಅರಬ್ಬಿಯಲ್ಲಿ ಎರಡು ‘ಕ’ ಇದೆ. ಒಂದು ನಮ್ಮದೇ ಸಾದಾ ‘ಕ’. ಇನ್ನೊಂದು ಫಿನೀಷಿಯನ್ ಕೋಫ್‌ನ ಬಂಧು, ಒಳಗಂಟಲಿನ ‘ಕ’. ಇವೆರಡನ್ನ ಬೇರೆ ಮಾಡಿ ತೋರಿಸೋಕೆ ಇಂಗ್ಲಿಷ್ ವಿದ್ವಾಂಸರು ಸಾದಾದಕ್ಕೆ ಕೆ, ಒಳಗಂಟಲಿನದಕ್ಕೆ ಕ್ಯೂ ಇಟ್ಟುಕೊಂಡರು. ಯು ಬೇಕಾಗೇ ಇಲ್ಲ, ಯಾಕಂದ್ರೆ ಸದ್ದಲ್ಲಿ ‘ವ’ ಇಲ್ಲ.

ಒಂದೊಂದಾಗಿ ನೋಡೋಣ. ಸ್ಪೆಲಿಂಗ್ ಹೇಳ್ತೀನಿ, ನೀವು ಊಹಿಸಿ.

ಎಫ್-ಎ-ಕ್ಯೂ-ಐ-ಆರ್. ಫಕೀರ! ಮೂಲ ಅರ್ಥ ಬಡವ. ಏನೂ ಇಲ್ಲದವನು, ದೇವರನ್ನ ಬಿಟ್ಟರೆ. 1931ರಲ್ಲಿ ಚರ್ಚಿಲ್ ಗಾಂಧೀಜಿಯನ್ನ ಹೀಯಾಳಿಸೋಕೆ ಬಳಸಿದ ಪದ. ಆಗ ಇಂಗ್ಲಿಷಿನಲ್ಲಿ ಬರೆಯೋ ರೂಢಿ ಕೆ ಅಕ್ಷರದಲ್ಲಿ. ಇವತ್ತಿಗೆ ಎರಡೂ ಸರಿ.

ಕ್ಯೂ-ಎ-ಡಿ-ಐ. ಖಾಜಿ. ಇಸ್ಲಾಮಿಕ್ ಕಾನೂನಿನ ನ್ಯಾಯಾಧೀಶ. ಇದರ ಸ್ಪೆಲಿಂಗ್ ಕತೆ ಮಜವಾಗಿದೆ. ಸಿ ಇಂದ ಶುರು ಮಾಡಿದರೂ ಸರಿ, ಕೆ ಇಂದ ಮಾಡಿದರೂ ಸರಿ, ಕ್ಯೂ ಇಂದ ಮಾಡಿದರೂ ಸರಿ. ಯಾರು ಯಾವ ದಾರಿಯಲ್ಲಿ ಕೇಳಿಸ್ಕೊಂಡು ಬರೆದರೋ ಹಾಗೆ ಉಳಿದುಬಿಟ್ಟಿದೆ.

ಕ್ಯೂ-ಎ-ಐ-ಡಿ. ಇದು ಮುಂದಾಳು, ನಾಯಕ. ಉತ್ತರ ಆಫ್ರಿಕಾದಲ್ಲಿ ಊರಿನ ಅಧಿಕಾರಿಗೂ ಹೇಳ್ತಾರೆ. ಪಾಕಿಸ್ತಾನದಲ್ಲಿ ಜಿನ್ನಾರನ್ನ ಕಾಯಿದೆ ಆಜಮ್ ಅಂತ ಕರೀತಾರಲ್ಲ, ಅಲ್ಲಿನ ಮೊದಲ ಪದ ಇದೇ. ನಮ್ಮ ಕೈದಿಗೂ ಇದಕ್ಕೂ ಸಂಬಂಧ ಇಲ್ಲ. ಕೈದಿ ಬಂದದ್ದು ಬೇಡಿ ಅನ್ನೋ ಅರ್ಥದ ಬೇರೆ ಅರಬ್ಬಿ ಪದದಿಂದ.

ಎಸ್-ಯು-ಕ್ಯೂ. ಇಲ್ಲಿ ಯು ಇದೆ, ಆದರೆ ಕ್ಯೂಗಿಂತ ಮುಂಚೆ! ಹೇಳೋದು ಸೂಕ್. ಅರಬ್ ಊರುಗಳ ಸಂತೆ, ಮಾರುಕಟ್ಟೆ. ಮೊರಾಕೊಗೆ ಹೋದವರ ರೀಲ್ಸ್‌ಗಳಲ್ಲಿ ಬಣ್ಣಬಣ್ಣದ ಮಸಾಲೆ ಗುಡ್ಡೆ ಹಾಕಿರೋ ಓಣಿ ಕಾಣುತ್ತಲ್ಲ, ಅದು ಸೂಕ್.

ಕ್ಯೂ-ಎ-ಟಿ. ಯೆಮೆನ್, ಇಥಿಯೋಪಿಯಾ, ಸೊಮಾಲಿಯಾ ಕಡೆ ಬೆಳೆಯೋ ಒಂದು ಪೊದೆ. ಅದರ ಎಳೆ ಎಲೆಯನ್ನ ದವಡೆಗೆ ಹಾಕ್ಕೊಂಡು ಗಂಟೆಗಟ್ಟಲೆ ಅಗೀತಾರೆ. ಅದರಲ್ಲಿ ಕ್ಯಾಥಿನೋನ್ ಅನ್ನೋ ಉತ್ತೇಜಕ ಇದೆ. ಯೆಮೆನ್‌ನಲ್ಲಿ ಮಧ್ಯಾಹ್ನದ ಹರಟೆ, ವ್ಯಾಪಾರ, ರಾಜಿ ಪಂಚಾಯ್ತಿ ಎಲ್ಲ ಇದರ ಜೊತೆಗೇ ನಡೆಯುತ್ತೆ. ನೀರಿನ ಬರ ಇರೋ ಆ ದೇಶದಲ್ಲಿ ಈ ಬೆಳೆ ಬಹಳ ನೀರು ಕುಡಿಯುತ್ತೆ ಅನ್ನೋದು ದೊಡ್ಡ ತಲೆನೋವು. ಬ್ರಿಟನ್ 2014ರಲ್ಲಿ ಇದನ್ನ ನಿಷೇಧಿಸಿತು. ಆಟದ ಬೋರ್ಡಿನ ಮೇಲೆ 12 ಅಂಕದ ಮೂರಕ್ಷರ, ಹಿಂದೆ ಇಷ್ಟು ದೊಡ್ಡ ಕತೆ.

ಯೆಮೆನ್ ಅಂದ ಕೂಡಲೇ ಚಿಕ್ಕಮಗಳೂರಿನವರ ಕಿವಿ ನೆಟ್ಟಗಾಗಬೇಕು. ಬಾಬಾ ಬುಡನ್ ಅಲ್ಲಿಂದ ಏಳು ಕಾಫಿ ಬೀಜ ತಂದರು ಅನ್ನೋ ಪ್ರತೀತಿ ನಿಮಗೆ ಗೊತ್ತು. ಕಾಫಿಯ ಅರಬ್ಬಿ ಮೂಲ ‘ಕಹ್ವಾ’. ಅಲ್ಲಿರೋದೂ ಅದೇ ಒಳಗಂಟಲಿನ ‘ಕ’. ಆದರೆ ಅದು ತುರ್ಕಿ, ಡಚ್ ಬಾಯಿಗಳನ್ನ ದಾಟಿ ಇಂಗ್ಲಿಷಿಗೆ ಬಂತು. ದಾರಿಯಲ್ಲಿ ಕ್ಯೂ ಆಗೋ ಅವಕಾಶ ತಪ್ಪಿ ಸಿ ಆಯಿತು.

ಕ್ಯೂ-ಎ-ಎನ್-ಎ-ಟಿ. ಕನಾತ್. ನನಗೆ ಈ ಪಟ್ಟಿಯಲ್ಲಿ ಅತಿ ಇಷ್ಟದ ಪದ. ಬೆಟ್ಟದ ಬುಡದಲ್ಲಿ ಅಂತರ್ಜಲ ಹುಡುಕಿ, ಅಲ್ಲಿಂದ ಊರಿನ ತನಕ ನೆಲದೊಳಗೇ ಸ್ವಲ್ಪ ಇಳಿಜಾರಿನ ಸುರಂಗ ತೋಡ್ತಾರೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ನೀರು ತಾನಾಗೇ ಹರಿದು ಬರುತ್ತೆ. ಬಿಸಿಲಿಗೆ ಆವಿಯೂ ಆಗಲ್ಲ. ಮಧ್ಯ ಮಧ್ಯ ಬಾವಿ ಥರದ ರಂಧ್ರ, ಗಾಳಿಗೆ ಮತ್ತು ಹೂಳೆತ್ತೋಕೆ. ಇರಾನಿನ ಕನಾತ್‌ಗಳಿಗೆ 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಇದನ್ನ ನೋಡೋಕೆ ಇರಾನಿಗೇ ಹೋಗಬೇಕಾಗಿಲ್ಲ. ನಮ್ಮ ಬೀದರ್‌ನಲ್ಲಿ, ನೌಬಾದ್ ಹತ್ತಿರ, ಬಹಮನಿ ಸುಲ್ತಾನರ ಕಾಲದ್ದೇ ಒಂದು ಇದೆ. ಅಲ್ಲಿ ಅದಕ್ಕೆ ಕರೇಜ್ ಅಂತಾರೆ, ಸುರಂಗ ಬಾವಿ ಅಂತಲೂ ಅಂತಾರೆ. ಹೆಸರು ಬೇರೆ, ತಂತ್ರ ಅದೇ.

ಸುದ್ದಿಯಲ್ಲಿ ಕೇಳೋ ಪದಗಳು

ಇನ್ನು ಕೆಲವು ಪದಗಳನ್ನ ನೀವು ದಿನಾ ಸುದ್ದಿಯಲ್ಲಿ ಕೇಳ್ತೀರಿ.

ಡಬ್ಲ್ಯೂ-ಎ-ಕ್ಯೂ-ಎಫ್. ವಕ್ಫ್. ಬ್ರಿಟನ್ ಕಡೆ ಬಳಸೋ ಕಾಲಿನ್ಸ್ ಪದಪಟ್ಟಿಯಲ್ಲಿ ಇದು ಇದೆ, 19 ಅಂಕ. ಅರಬ್ಬಿಯಲ್ಲಿ ಇದರ ಧಾತುವಿಗೆ ‘ನಿಲ್ಲಿಸು, ತಡೆದು ಹಿಡಿ’ ಅನ್ನೋ ಅರ್ಥ. ಒಂದು ಆಸ್ತಿಯನ್ನ ಮಾರಾಟ, ಪಾಲು ಇತ್ಯಾದಿಯಿಂದ ‘ನಿಲ್ಲಿಸಿ’ ದಾನಧರ್ಮದ ಕೆಲಸಕ್ಕೆ ಮೀಸಲಿಡೋದು ವಕ್ಫ್. ನಮ್ಮಲ್ಲಿ ಈ ಪದದ ಸುತ್ತ ಎಷ್ಟು ವಾದ ನಡೀತಿದೆ, 2025ರಲ್ಲಿ ಕಾನೂನಿಗೆ ಹೇಗೆ ತಿದ್ದುಪಡಿ ಆಯಿತು, ಎಲ್ಲ ನಿಮಗೆ ಗೊತ್ತು. ವಾದ ಮಾಡೋ ಮುಂಚೆ ಪದದ ಅರ್ಥ ಗೊತ್ತಿದ್ದರೆ ಒಳ್ಳೇದಲ್ವಾ?

ಎನ್-ಐ-ಕ್ಯೂ-ಎ-ಬಿ. ನಿಖಾಬ್, ಕಣ್ಣು ಬಿಟ್ಟು ಉಳಿದ ಮುಖ ಮುಚ್ಚೋ ಬಟ್ಟೆ. ಬುರ್ಖಾ ಬೇರೆ, ಹಿಜಾಬ್ ಬೇರೆ. ಸುದ್ದಿಗಳಲ್ಲಿ ಮೂರನ್ನೂ ಕಲಸಿಬಿಡ್ತಾರೆ.

ಟಿ-ಎ-ಎಲ್-ಎ-ಕ್ಯೂ. ತಲಾಖ್. ಅರ್ಥ, ಬಿಡುಗಡೆ ಮಾಡೋದು, ಬಿಟ್ಟುಬಿಡೋದು. ಆಟದಲ್ಲಿ 14 ಅಂಕ. ಇದೇ ಪದವನ್ನ ಒಂದೇ ಉಸಿರಿಗೆ ಮೂರು ಸಲ ಹೇಳಿ ಹೆಂಗಸರನ್ನ ಮನೆಯಿಂದ ಹೊರಗೆ ಹಾಕೋದು ಸರಿಯಾ ಅಂತ ಸುಪ್ರೀಂ ಕೋರ್ಟ್ ವಿಚಾರಣೆ ಮಾಡಿ 2017ರ ಆಗಸ್ಟ್‌ನಲ್ಲಿ ಅದನ್ನ ರದ್ದು ಮಾಡಿತು. 2019ರಲ್ಲಿ ಕಾನೂನೂ ಬಂತು. ಒಬ್ಬರಿಗೆ 14 ಅಂಕ, ಇನ್ನೊಬ್ಬರಿಗೆ ಬದುಕು. ಪದಪಟ್ಟಿ ಅಂದ್ರೆ ಬರೀ ಅಕ್ಷರಗಳ ಜೋಡಣೆ ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗೋದು ಇದೇ.

ಈ ಮೂರೂ ಪದಗಳಲ್ಲಿ ಒಂದು ಗಮನಿಸಿದ್ರಾ? ಇಂಗ್ಲಿಷಿನಲ್ಲಿ ಕ್ಯೂ ಇದ್ದ ಕಡೆ ನಾವು ಕೆಲವು ಸಲ ‘ಕ’ ಬರೀತೀವಿ, ಕೆಲವು ಸಲ ‘ಖ’. ಫಕೀರ, ವಕ್ಫ್, ಆದರೆ ತಲಾಖ್, ಖಾಜಿ, ಬುರ್ಖಾ. ನಮ್ಮ ಕಡೆಯ ದಖನಿ ಉರ್ದು ಮಾತಾಡೋರ ಬಾಯಲ್ಲಿ ಆ ಒಳಗಂಟಲಿನ ‘ಕ’ ಸಾಮಾನ್ಯವಾಗಿ ‘ಖ’ ಥರ ಆಗುತ್ತೆ. ಪಕ್ಕದ ಮನೆಯವರ ಬಾಯಲ್ಲಿ ಕೇಳಿದ ಸದ್ದೇ ನಮ್ಮ ಬರವಣಿಗೆಯಲ್ಲಿ ಉಳಿದಿದೆ ಅಂತ ನನಗನ್ನಿಸುತ್ತೆ.

ತಾಲ್ಲೂಕು ಕಚೇರಿಯಲ್ಲಿ ಕ್ಯೂ

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಈ ವಾಕ್ಯ ಕೇಳಿ:

‘ತಾಲ್ಲೂಕು ಕಚೇರಿಗೆ ಹೋಗಿ ಜಮೀನಿನ ನಕ್ಷೆಯ ನಕಲು ತೆಗೆಸಿ, ಬಾಕಿ ಕಿಸ್ತು ಕಟ್ಟಿ, ಕರಾರು ಮಾಡ್ಕೊಂಡು, ಕಾನೂನು ಪ್ರಕಾರ ನಮ್ಮ ಹಕ್ಕು ಖಾಯಂ ಮಾಡಿಸ್ಕೊಂಡು ಬಾ.’

ಯಾವ ಹಳ್ಳಿಯ ಯಾವ ಅಜ್ಜ ಬೇಕಾದರೂ ಆಡೋ ಮಾತು. ಶುದ್ಧ ಕನ್ನಡ ಅನ್ನಿಸುತ್ತೆ. ಎಣಿಸೋಣ. ತಾಲ್ಲೂಕು, ನಕ್ಷೆ, ನಕಲು, ಬಾಕಿ, ಕಿಸ್ತು, ಕರಾರು, ಕಾನೂನು, ಹಕ್ಕು, ಖಾಯಂ. ಒಂಬತ್ತು ಪದ. ಒಂಬತ್ತೂ ಅರಬ್ಬಿ ಮೂಲದ್ದು, ಒಂಬತ್ತರಲ್ಲೂ ಇರೋದು ಅದೇ ಒಳಗಂಟಲಿನ ‘ಕ’. ಇಂಗ್ಲಿಷ್ ವಿದ್ವಾಂಸರು ಬರೆದರೆ ಒಂಬತ್ತರಲ್ಲೂ ಕ್ಯೂ ಬರುತ್ತೆ. ಇಷ್ಟೇ ಅಲ್ಲ. ಇಲಾಖೆ, ಕಾಯಿದೆ, ಕೈದಿ, ಬಂದೂಕು, ತಾಕತ್ತು, ಫರಕು, ಕಿಮ್ಮತ್ತು, ಎಲ್ಲ ಅದೇ ಸಾಲು. ವಕೀಲ ಮಾತ್ರ ಈ ಗುಂಪಲ್ಲ. ಅದೂ ಅರಬ್ಬಿಯೇ, ಆದರೆ ಸಾದಾ ‘ಕ’.

ಹೇಗೆ ಬಂದವು ಇವೆಲ್ಲ? ಕಲಬುರಗಿ, ಬೀದರ್‌ನ ಬಹಮನಿಗಳು, ವಿಜಯಪುರದ ಆದಿಲ್‌ಶಾಹಿಗಳು, ಆಮೇಲೆ ಹೈದರ್-ಟಿಪ್ಪು, ಈಶಾನ್ಯ ಭಾಗದಲ್ಲಿ ಹೈದರಾಬಾದ್ ನಿಜಾಮರು. ಇವರ ಆಡಳಿತದಲ್ಲಿ ಫಾರ್ಸಿ ಭಾಷೆ ಇತ್ತು, ಫಾರ್ಸಿಯೊಳಗೆ ಅರಬ್ಬಿ ಪದ ತುಂಬಿತ್ತು. ಮರಾಠರ ಆಡಳಿತದಿಂದಲೂ ಇವೇ ಪದ ಬಂದವು. ಕಂದಾಯ, ಜಮೀನು, ನ್ಯಾಯ ಅಂದ್ರೆ ಜನ ಇದೇ ಪದ ಕೇಳಬೇಕಾಗಿತ್ತು, ಹೇಳಬೇಕಾಗಿತ್ತು. ಶತಮಾನಗಳು ಕಳೆದ ಮೇಲೆ ಅವು ನಮ್ಮವೇ ಆದವು. ಇಂಗ್ಲೆಂಡಿಗೆ ನಾರ್ಮನ್ನರ ಕಚೇರಿಯಿಂದ ಕ್ಯೂ-ಯು ಬಂದ ಹಾಗೇ, ನಮಗೆ ಸುಲ್ತಾನರ ಕಚೇರಿಯಿಂದ ಯು ಇಲ್ಲದ ಕ್ಯೂ ಬಂತು. ನಾವು ಅದನ್ನ ‘ಕ’ ಮಾಡ್ಕೊಂಡ್ವಿ.

ಎರಡು ಉದಾಹರಣೆ ಹೇಳಿಬಿಡ್ತೀನಿ, ಕೇಳಿದರೆ ಮರೆಯಲ್ಲ.

ಮೊದಲನೆಯದು ಕಾಯಿದೆ. ಅರಬ್ಬಿಯಲ್ಲಿ ಇದರ ಅರ್ಥ ಬುನಾದಿ, ತಳಹದಿ. ಅದರಿಂದ ನಿಯಮ ಅನ್ನೋ ಅರ್ಥ ಬಂತು, ನಿಯಮ ಅಂದ್ರೆ ಮಿಕ್ಕಿದ್ದೆಲ್ಲ ನಿಲ್ಲೋ ತಳಹದಿ ತಾನೇ? ಇನ್ನೊಂದು ಕಡೆ, ಅದೇ ಪದ ‘ನೆಲೆ’ ಅನ್ನೋ ಅರ್ಥದಲ್ಲಿ ಒಂದು ಭಯೋತ್ಪಾದಕ ಸಂಘಟನೆಯ ಹೆಸರಾಯಿತು. ಹೌದು, ಅಲ್ ಕೈದಾ. ನಮ್ಮ ವಿಧಾನಸಭೆ ಪಾಸ್ ಮಾಡೋ ಕಾಯಿದೆ, ಆ ಹೆಸರಿನ ಕೈದಾ, ಎರಡೂ ಒಂದೇ ಪದ. ಪದಕ್ಕೆ ಪಾಪ ಯಾವ ಪಾಪವೂ ಅಂಟಲ್ಲ, ಬಳಸೋರ ಮೇಲೆ ಹೋಗುತ್ತೆ.

ಎರಡನೆಯದು ತಾಲ್ಲೂಕು ಮತ್ತು ತಲಾಖ್. ಕಿವಿಗೆ ಅಣ್ಣ-ತಮ್ಮ ಥರ ಕೇಳಿಸುತ್ತೆ. ಅರ್ಥದಲ್ಲಿ ಎದುರುಬದುರು. ತಾಲ್ಲೂಕು ಬಂದದ್ದು ಸಂಬಂಧ, ಅಂಟಿಕೊಂಡಿರೋದು ಅನ್ನೋ ಅರ್ಥದ ಪದದಿಂದ. ಒಬ್ಬ ಅಧಿಕಾರಿಗೋ ಊರಿಗೋ ಅಂಟಿಕೊಂಡ ನೆಲ ಅಂತ. ಇಲಾಖೆಯೂ ಅದೇ ಧಾತುವಿನಿಂದ ಬಂದದ್ದು. ತಲಾಖ್ ಬೇರೆ ಧಾತು, ಬಿಡಿಸಿಕೊಳ್ಳೋದು. ಒಂದು ಕಟ್ಟು, ಒಂದು ಬಿಡುಗಡೆ. ಇಂಗ್ಲಿಷಿನಲ್ಲಿ ಎರಡೂ ಐದಕ್ಷರ, ಕಾಲಿನ್ಸ್ ಪಟ್ಟಿಯಲ್ಲಿ ಎರಡೂ ಇವೆ. ಮೂಲದಲ್ಲಿ ಎರಡರಲ್ಲೂ ಒಳಗಂಟಲಿನ ‘ಕ’ ಇದ್ದರೂ ತಾಲ್ಲೂಕಿಗೆ ಕೆ, ತಲಾಖ್‌ಗೆ ಕ್ಯೂ. ಕಾರಣ ಕಷ್ಟದ್ದಲ್ಲ. ತಾಲ್ಲೂಕು ಇಂಗ್ಲಿಷಿಗೆ ಹೋದದ್ದು ಭಾರತದ ಕಂದಾಯದ ಕಡತಗಳಿಂದ, ಇಲ್ಲಿನ ಜನ ಹೇಳಿದ ಹಾಗೆ. ತಲಾಖ್‌ನ ಕ್ಯೂ ಅರಬ್ಬಿ ಅಕ್ಷರವನ್ನ ನೋಡಿಕೊಂಡು ಬರೆಯೋ ವಿದ್ವಾಂಸರ ಪದ್ಧತಿಯಿಂದ.

ಹಾಗಾದರೆ ಇವು ಯಾರ ಪದ?

ನಾನು ಕನ್ನಡ ಮೀಡಿಯಂನಲ್ಲಿ ಓದಿ ಬಂದವರ ಜೊತೆ ತುಂಬಾ ಮಾತಾಡ್ತೀನಿ. ಇಂಗ್ಲಿಷ್ ವೊಕ್ಯಾಬುಲರಿ ಅಂದ ತಕ್ಷಣ ಅವರಲ್ಲಿ ಒಂದು ಹಿಂಜರಿಕೆ ಕಾಣುತ್ತೆ. ಅದು ನಮ್ಮದಲ್ಲ, ಕಾನ್ವೆಂಟಿನವರದ್ದು, ಮನೇಲಿ ಇಂಗ್ಲಿಷ್ ಪೇಪರ್ ತರಿಸೋರದ್ದು ಅಂತ. ಪದದಾಟಕ್ಕೆ ಕರೆದರೆ ‘ಅಯ್ಯೋ ನಮಗೆ ಬರಲ್ಲಪ್ಪ’ ಅಂತ ಹಿಂದೆ ಸರೀತಾರೆ. ಕೆಲಸದ ಇಂಟರ್‌ವ್ಯೂಗಳಲ್ಲೂ ಇದೇ ಭಯ.

ಅವರಿಗೆ ನಾನು ಹೇಳೋದು ಈ ಕ್ಯೂ ಕತೆ. ಇಂಗ್ಲಿಷ್ ಮನೆಮಾತಿನ ಒಬ್ಬ ಹುಡುಗ ಲಂಡನ್ನಿನಲ್ಲಿ ಫಕೀರ, ಖಾಜಿ, ವಕ್ಫ್, ತಲಾಖ್, ನಿಖಾಬ್ ಅನ್ನೋ ಪದಗಳನ್ನ ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡ್ತಾ ಕೂತಿರಬಹುದು. ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡೀತಿರೋ ಹುಡುಗಿಗೆ ಅವುಗಳ ಅರ್ಥ ಹೇಳಿಕೊಡಬೇಕಾಗಿಲ್ಲ. ಅವಳಿಗೆ ಗೊತ್ತಿಲ್ಲದೇ ಇರೋದು ಸ್ಪೆಲಿಂಗ್ ಮಾತ್ರ. ಸ್ಪೆಲಿಂಗ್ ಕಲಿಯೋಕೆ ಒಂದು ಸಂಜೆ ಸಾಕು.

ಇದರರ್ಥ ಇಂಗ್ಲಿಷ್ ಎಲ್ಲ ಸುಲಭ ಅಂತಲ್ಲ. ಆದರೆ ನಿಘಂಟು ಅನ್ನೋದು ಒಂದು ಊರಿನವರ ಖಾಸಗಿ ಆಸ್ತಿ ಅಲ್ಲ. ಯಾವ್ಯಾವುದೋ ಬಂದರಿನಿಂದ, ಸಂತೆಯಿಂದ, ಕೋರ್ಟಿನಿಂದ ಪದ ತಗೊಂಡು ಕಟ್ಟಿದ್ದು. ಕನ್ನಡವೂ ಹಾಗೇ. ಎರಡೂ ಒಂದೇ ಅಂಗಡಿಯಲ್ಲಿ ಸಾಮಾನು ಕೊಂಡಿವೆ, ಚೀಲ ಬೇರೆ ಬೇರೆ.

ನೆನಪಿಟ್ಟುಕೊಳ್ಳೋಕೆ

ಕೊನೆಯದಾಗಿ, ಆಟ ಆಡೋರಿಗೆ ಒಂದು ಸಣ್ಣ ಸಾರಾಂಶ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಎರಡಕ್ಷರ: ಕ್ಯೂ-ಐ, ಉಸಿರು. 11 ಅಂಕ. ಇದಕ್ಕೆ ಎಸ್ ಸೇರಿಸಿದರೂ ನಡೆಯುತ್ತೆ.

ಮೂರಕ್ಷರ: ಕ್ಯೂ-ಎ-ಟಿ, ಅಗಿಯೋ ಎಲೆ. ಎಸ್-ಯು-ಕ್ಯೂ, ಸಂತೆ. ತಲಾ 12.

ನಾಲ್ಕಕ್ಷರ: ಕ್ಯೂ-ಎ-ಡಿ-ಐ, ಖಾಜಿ, 14. ಕ್ಯೂ-ಎ-ಐ-ಡಿ, ನಾಯಕ, ಅದೂ 14. ಕ್ಯೂ-ಓ-ಪಿ-ಎಚ್, 18. ಇದು ಹೀಬ್ರೂ ವರ್ಣಮಾಲೆಯ 19ನೇ ಅಕ್ಷರದ ಹೆಸರು. ಫಿನೀಷಿಯನ್ ಕೋಫ್ ಅಂದೆನಲ್ಲ, ಅದೇ. ಅಂದ್ರೆ ಕ್ಯೂ ಅಕ್ಷರದ ಅಜ್ಜನ ಹೆಸರನ್ನೇ ಕ್ಯೂ ಇಟ್ಟು ಬರೆಯಬಹುದು!

ಐದಕ್ಷರ: ಫಕೀರ 17, ನಿಖಾಬ್ 16, ಕನಾತ್ 14. ಇವು ಐದಕ್ಷರದ ವರ್ಡಲ್ ಆಡೋರಿಗೂ ಗೊತ್ತಿರಲಿ.

ಆರಕ್ಷರದ್ದು ಒಂದೇ ಒಂದು ಹೇಳ್ತೀನಿ, ಅದನ್ನ ನೆನಪಿಡೋ ಅಗತ್ಯವೂ ಇಲ್ಲ. ಫೋನಿನ ಕೀಬೋರ್ಡ್ ನೋಡಿ, ಎಡದಿಂದ ಮೊದಲ ಆರು ಅಕ್ಷರ ಓದಿ. ಕ್ವೆರ್ಟಿ. 1870ರ ದಶಕದ ಟೈಪ್‌ರೈಟರಿನಿಂದ ಬಂದ ಜೋಡಣೆ. ಅದೂ ನಿಘಂಟಿನ ಪದ, ಅದರಲ್ಲೂ ಯು ಇಲ್ಲ, 21 ಅಂಕ. ನಿಮ್ಮ ಹೆಬ್ಬೆರಳ ಕೆಳಗೇ ಇಷ್ಟು ದಿನ ಇತ್ತು.

ಮುಂದಿನ ಸಂಚಿಕೆಗೆ ಮುಂಚೆ ಒಂದು ಹೋಮ್‌ವರ್ಕ್. ನಿಮ್ಮ ಮನೆಯ ಹಳೇ ಪಹಣಿ, ಕ್ರಯಪತ್ರ, ಕೋರ್ಟ್ ಕಾಗದ ಯಾವುದಾದರೂ ಇದ್ದರೆ ಒಂದು ಪುಟ ಓದಿ. ಮನೇಲಿ ಹಿರಿಯರಿದ್ದರೆ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓದಿ. ಆ ಒಳಗಂಟಲಿನ ‘ಕ’ ಎಷ್ಟು ಕಡೆ ಅಡಗಿ ಕೂತಿದೆ ಅಂತ ಎಣಿಸಿ.

ಮತ್ತೆ ಸಿಗೋಣ. ಅಲ್ಲೀತನಕ, ಚೆನ್ನಾಗಿರಿ, ಉಸಿರಾಡ್ತಾ ಇರಿ. ಕ್ಯೂ-ಐ!